ಮೊದಲ ಸಲ ಕ್ಲೇ ಶೂಟಿಂಗ್‌ಗೆ ಹೋಗ್ತಿದೀನಿ, ಒಂದು ಬಿಲ್ಲೆನಾದ್ರೂ ಒಡೀತೀನಾ?

ಪ್ರಶ್ನೆ: ಸರ್, ಮುಂದಿನ ಭಾನುವಾರ ನಾನೂ ನನ್ನ ಹೆಂಡ್ತಿನೂ ಕ್ಲೇ ಟಾರ್ಗೆಟ್ ಶೂಟಿಂಗ್, ಅಂದ್ರೆ ಮೆಷಿನ್ ಗಾಳಿಗೆ ಎಸೆಯೋ ಬಿಲ್ಲೆನ ಕೋವೀಲಿ ಹೊಡೆಯೋ ಆಟ, ಟ್ರೈ ಮಾಡೋಕೆ ಹೋಗ್ತಿದೀವಿ, ಕೋಚ್ ಜೊತೆಗಿರ್ತಾರೆ. ಏರ್‌ಗನ್‌ನಲ್ಲಿ ಬಲೂನ್ ಹೊಡೆದಿದ್ದು ಬಿಟ್ರೆ ಕೋವಿ ಮುಟ್ಟಿಲ್ಲ. ನಂಗೆ 46 ವರ್ಷ, ಪ್ರೋಗ್ರೆಸಿವ್ ಕನ್ನಡಕ ಇದೆ. ಭುಜ ನೀಲಿಗಟ್ಟತ್ತೆ ಅಂತ ಎಲ್ರೂ ಹೆದರಿಸ್ತಿದಾರೆ, ನಿಜಾನಾ? ಹಾರ್ತಾ ಇರೋದಕ್ಕೆ ಗುರಿ ಇಡೋದು ಹೇಗೆ? ಹೆಂಡ್ತಿ ಎಡಗೈಯವಳು, ಅವಳಿಗೆ ಬೇರೆ ಥರ ಕೋವಿ ಬೇಕಾಗತ್ತಾ?

ಉತ್ತರ: ಬಲೂನ್ ವಿಷಯ ಹೇಳಿದ್ದು ಒಳ್ಳೇದಾಯ್ತು, ಅಲ್ಲಿಂದ್ಲೇ ಶುರು ಮಾಡೋಣ. ಅವತ್ತು ಏನ್ ಮಾಡಿದ್ರಿ? ಒಂದ್ ಕಣ್ಣು ಮುಚ್ಚಿದ್ರಿ, ಉಸಿರು ಬಿಗಿಹಿಡಿದ್ರಿ, ನಳಿಗೆ ತುದಿನ ಬಲೂನಿಗೆ ಸರಿಯಾಗಿ ಕೂರಿಸಿ ನಿಧಾನಕ್ಕೆ ಟ್ರಿಗರ್ ಒತ್ತಿದ್ರಿ. ಭಾನುವಾರ ಇದರಲ್ಲಿ ಒಂದನ್ನೂ ಮಾಡ್ಬೇಡಿ. ನನ್ನ ಹತ್ರ ಮೊದಲ ದಿನ ಬರೋರಲ್ಲಿ ಏನೂ ಗೊತ್ತಿಲ್ದೇ ಬರೋರು ಬೇಗ ಹಿಡ್ಕೋತಾರೆ, ರೈಫಲ್ ಹೊಡೆದು ಪಳಗಿದೋರು ಅರ್ಧ ಗಂಟೆ ಒದ್ದಾಡ್ತಾರೆ, ಯಾಕಂದ್ರೆ ಅವರಿಗೆ ಗುರಿ ಇಡೋ ಚಟ. ಈ ಆಟದಲ್ಲಿ ಗುರಿ ಇಡೋದೇ ಇಲ್ಲ. ಬಿಲ್ಲೆ ನೋಡೋದು, ಕೈ ಅದರ ಹಿಂದೆ ತಾನಾಗೇ ಹೋಗತ್ತೆ. ಇದೊಂದು ತಲೆಗೆ ಹೋದ್ರೆ ಉಳಿದಿದ್ದೆಲ್ಲ ಕೋಚ್ ಹೇಳ್ಕೊಡ್ತಾರೆ.

ಅದು ಹೇಗೆ ಸಾಧ್ಯ ಅಂತೀರಾ, ತೋಟಾ ಒಳಗೆ ಏನಿದೆ ನೋಡಿ. ಒಂದೇ ಗುಂಡು ಇರಲ್ಲ ಅದರಲ್ಲಿ. 24 ಗ್ರಾಂ ತೋಟಾ (ಆ ತೂಕ ಒಳಗಿನ ಚರೆದು), ಏಳೂವರೆ ನಂಬರ್ ಚರೆ ಅಂದ್ರೆ ಒಳಗೆ ಹೆಚ್ಚುಕಮ್ಮಿ 300 ಕಾಳು ಇರತ್ತೆ, ಒಂದೊಂದೂ 2.4 ಮಿ.ಮೀ., ದಪ್ಪ ಸಾಸಿವೆ ಅಂದ್ಕೊಳಿ. ನಳಿಗೆಯಿಂದ ಆಚೆ ಬಿದ್ದಿದ್ದೇ ಹರಡ್ಕೊಂಡು ಹೋಗಿ, ಚೋಕ್ ಸ್ವಲ್ಪ ಸಡಿಲ ಇರೋದಾದ್ರೆ 20-25 ಮೀಟರ್ ದೂರಕ್ಕೆ ಮುಕ್ಕಾಲು ಮೀಟರ್ ಅಗಲದ ಹಿಂಡಾಗಿರತ್ತೆ. ಚೋಕ್ ಅಂದ್ರೆ ನಳಿಗೆ ಬಾಯಿ ಹತ್ರ ಒಳಗಡೆ ಎಷ್ಟು ಕಿರಿದು ಮಾಡಿದಾರೆ ಅನ್ನೋದು, ಕಿರಿದಾದಷ್ಟೂ ಚರೆ ಒತ್ತಾಗಿ ದೂರ ಹೋಗತ್ತೆ, ಹೊಸಬರಿಗೆ ಸಡಿಲದ್ದೇ ಹಾಕ್ಕೊಡ್ತಾರೆ. ಬಿಲ್ಲೆ ಅಗಲ 11 ಸೆಂ.ಮೀ. ಅಷ್ಟೆ. 11 ಸೆಂ.ಮೀ. ಬಿಲ್ಲೆಗೆ 75 ಸೆಂ.ಮೀ. ಹಿಂಡು ಅಂದ್ರೆ ಸಲೀಸಲ್ವಾ ಅನ್ಸತ್ತೆ, ಆದ್ರೂ ಎಲ್ರೂ ಮೊದಲ ಹತ್ತನ್ನ ಮಿಸ್ ಮಾಡ್ತಾರೆ!

ಯಾಕೆ ಅಂತ ಒಂದ್ ಸಲ ಕೂತು ಲೆಕ್ಕ ಹಾಕಿ. ಬಿಲ್ಲೆ ನಿಮ್ಮ ಮುಂದೆ ಅಡ್ಡಡ್ಡ 60 ಕಿ.ಮೀ. ಸ್ಪೀಡಲ್ಲಿ ಹೋಗ್ತಿದೆ ಅಂದ್ಕೊಳಿ, ಅಂದ್ರೆ ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್. ಚರೆ ನಳಿಗೆ ಬಿಡೋವಾಗ ಸೆಕೆಂಡಿಗೆ ಸುಮಾರು 400 ಮೀಟರ್ ಇರತ್ತೆ, ಆದ್ರೆ ಕಾಳು ಹಗುರ ನೋಡಿ, ಗಾಳಿ ತಡೆದು ಬೇಗ ನಿಧಾನ ಆಗ್ಬಿಡತ್ತೆ, 20 ಮೀಟರ್ ಮುಟ್ಟೋಕೆ ಸೆಕೆಂಡಿನ ನೂರರಲ್ಲಿ ಆರು ಭಾಗ ಬೇಕು. ಅಷ್ಟರಲ್ಲಿ ಬಿಲ್ಲೆ ಒಂದು ಮೀಟರ್ ಮುಂದೆ ಹೋಗಿರತ್ತೆ. ಒಂದು ಮೀಟರ್ ಅಂದ್ರೆ ಒಂಬತ್ತು ಬಿಲ್ಲೆ ಸಾಲಾಗಿ ಇಟ್ಟಷ್ಟು. ನೀವು ಬಿಲ್ಲೆ ಮೇಲೇ ಸರಿಯಾಗಿ ನಳಿಗೆ ಕೂರಿಸಿ ಹೊಡೆದ್ರೆ ಚರೆ ಹಿಂಡು ಪೂರ್ತಿ ಅದರ ಬೆನ್ನ ಹಿಂದೆ ಹಾದು ಹೋಗತ್ತೆ. ಹಂಗಾಗಿ ಕೋಚ್ ಬಾಯಲ್ಲಿ ಆ ದಿನ ನೀವು ಅತಿ ಹೆಚ್ಚು ಕೇಳೋ ಮಾತು "ಹಿಂದೆ, ಹಿಂದೆ". ಅವರಿಗೆ ಹೇಗೆ ಗೊತ್ತಾಗತ್ತೆ ಅಂತ ಎಲ್ರೂ ಕೇಳ್ತಾರೆ, ಹೊಡೆಯೋನ ಭುಜದ ಹಿಂದೆ ಸರಿಯಾದ ಜಾಗದಲ್ಲಿ ನಿಂತು ಕಣ್ಣು ಪಳಗಿಸಿದ್ರೆ ಚರೆ ಹಿಂಡು ಬೂದಿ ಬಣ್ಣದ ಮಸುಕಾಗಿ ಒಂದ್ ಕ್ಷಣ ಕಾಣತ್ತೆ, ಜೊತೆಗೆ ತೋಟಾ ಒಳಗೆ ಚರೆ ಹಿಡಿದಿಟ್ಟಿರೋ ಪ್ಲಾಸ್ಟಿಕ್ ಬಟ್ಟಲು, ಅಂದ್ರೆ ವ್ಯಾಡ್, ಎತ್ತ ಹೋಯ್ತು ಅನ್ನೋದೂ ಕಾಣತ್ತೆ.

ಈಗ ಈ ಒಂದ್ ಮೀಟರ್ ಲೆಕ್ಕನ ಅಳೆಯೋಕೆ ಹೋಗ್ಬೇಡಿ, ಎಲ್ರೂ ಎಡವೋದು ಅಲ್ಲೇ. ಅಳೀಬೇಕು ಅಂದ್ರೆ ಕಣ್ಣು ಬಿಲ್ಲೆ ಬಿಟ್ಟು ನಳಿಗೆ ತುದಿಯ ಬೀಡ್‌ಗೆ, ಅಂದ್ರೆ ಅಲ್ಲಿರೋ ಸಣ್ಣ ಮಣಿಗೆ ಬರ್ಬೇಕು, ಬೀಡ್ ನೋಡಿದ ಗಳಿಗೆ ಕೈ ನಿಂತುಹೋಗತ್ತೆ, ಕೋವಿ ನಿಂತ್ರೆ ಬಿಲ್ಲೆ ಮುಂದೆ ಹೋಯ್ತು, ಕಥೆ ಮುಗೀತು. ಕ್ಯಾಚ್ ಹಿಡಿಯೋವಾಗ ನೀವು ಕೈ ನೋಡ್ತೀರಾ? ಓಡ್ತಾ ಇರೋನಿಗೆ ಚೆಂಡು ಎಸೆಯೋವಾಗ ಅವನ ಮುಂದೆ ಎಷ್ಟು ಅಡಿ ಅಂತ ಟೇಪ್ ಹಿಡೀತೀರಾ? ಇಲ್ಲ ತಾನೇ. ಇದೂ ಹಾಗೇ. ಹೊಸಬರಿಗೆ ಹೇಳ್ಕೊಡೋ ಸುಲಭದ ದಾರಿ ಅಂದ್ರೆ ನಳಿಗೆನ ಬಿಲ್ಲೆ ಹಿಂದಿನಿಂದ ತಂದು ಅದು ಹೋಗೋ ದಾರೀಲೇ ಅದನ್ನ ದಾಟಿಸೋದು, ದಾಟ್ತಾ ಇರೋವಾಗ್ಲೇ ಒತ್ತೋದು, ಒತ್ತಿದ ಮೇಲೂ ಕೈ ಹಾಗೇ ಮುಂದಕ್ಕೆ ಹೋಗ್ತಿರ್ಬೇಕು. ನಾನು "ಬಾಲ, ಹೊಟ್ಟೆ, ಕೊಕ್ಕು, ಢಂ" ಅಂತ ಬಾಯಲ್ಲಿ ಹೇಳಿಸ್ತೀನಿ. ಮಕ್ಕಳಾಟ ಅನ್ಸಬಹುದು ಆದ್ರೆ ಕೆಲಸ ಮಾಡತ್ತೆ.

ಬಾಲ ಕೊಕ್ಕು ಎಲ್ಲಿಂದ ಬಂತು ಅಂದ್ರೆ, ಈ ಬಿಲ್ಲೆಗೆ ಇವತ್ತಿಗೂ ಬರ್ಡ್ ಅಂತ್ಲೇ ಹೆಸ್ರು. ಹಿಂದೆ ಜೀವಂತ ಪಾರಿವಾಳಗಳನ್ನ ಪೆಟ್ಟಿಗೆಯಿಂದ ಬಿಟ್ಟು ಹೊಡೀತಿದ್ರು, ಆಮೇಲೆ ಗಾಜಿನ ಗೋಲ ಹಾರಿಸ್ತಿದ್ರು, 1880ರ ಹೊತ್ತಿಗೆ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಅನ್ನೋರು ಮಣ್ಣಿನ ಬಿಲ್ಲೆ ತಂದ್ರು. ಮಣ್ಣು ಸುಟ್ಟಿದ್ದು ತುಂಬಾ ಗಟ್ಟಿಯಾಗಿ ಚರೆ ತಗುಲಿದ್ರೂ ಒಡೀತಿರ್ಲಿಲ್ವಂತೆ. ಈಗಿನದು ಹೆಸರಿಗಷ್ಟೇ ಕ್ಲೇ, ಸುಣ್ಣಕಲ್ಲಿನ ಪುಡಿ ಮತ್ತೆ ಟಾರ್ ಥರದ ಪಿಚ್ ಬೆರೆಸಿ ಅಚ್ಚು ಹಾಕಿದ್ದು, 105 ಗ್ರಾಂ ತೂಕ, ಮೆಷಿನ್ ಎಸೆಯೋ ರಭಸ ತಡ್ಕೊಳತ್ತೆ ಆದ್ರೆ ಮೂರ್ನಾಲ್ಕು ಕಾಳು ತಾಗಿದ್ರೂ ಒಡೆಯತ್ತೆ. ಒಂದ್ ಬಿಲ್ಲೆ ಕೈಗೆ ತಗೊಂಡು ನೋಡಿ, ತಲೆಕೆಳಗಾದ ಸಣ್ಣ ತಟ್ಟೆ ಥರ, ಅಂಚಿನ ಸುತ್ತ ಉಂಗುರ ಉಂಗುರವಾಗಿ ಗೆರೆ ಇರತ್ತೆ. ಆ ಗೆರೆಗಳನ್ನ ನೆನಪಿಟ್ಕೊಳಿ.

ಯಾಕಂದ್ರೆ ಒಬ್ರು ನನ್ನ ಹತ್ರ ಬಂದಿದ್ರು, ಲೆಕ್ಕದಲ್ಲಿ ಭಾರಿ ಪಕ್ಕಾ ಮನುಷ್ಯ, ಪ್ರತಿ ಬಿಲ್ಲೆಗೂ ಮನಸ್ಸಲ್ಲೇ ಮೀಟರ್ ಲೆಕ್ಕ ಹಾಕ್ತಾ ಹದಿನಾಲ್ಕು ಸಾಲಾಗಿ ಬಿಟ್ರು. ಹದಿನೈದನೇದಕ್ಕೆ ನಾನು "ಒಡೆಯೋದು ಬೇಡ ಬಿಡಿ ಸರ್, ಬಿಲ್ಲೆ ಮೇಲೆ ಆ ಗೆರೆ ಕಾಣತ್ತಾ ಅಂತ ಮಾತ್ರ ಹೇಳಿ" ಅಂದೆ. ಕೋವಿ ಢಂ ಅಂತು, ಬಿಲ್ಲೆ ಪುಡಿ ಆಯ್ತು, ಅವರು ತಿರುಗಿ "ಗೆರೆ ಕಾಣ್ಲಿಲ್ಲ ಸರ್" ಅಂತ ಬೇಜಾರಲ್ಲಿ ಹೇಳ್ತಿದಾರೆ, ಒಡೆದಿದ್ದು ಇನ್ನೂ ಅವರ ತಲೆಗೇ ಹೋಗಿರ್ಲಿಲ್ಲ. ನೀವೂ ಹಾಗೇ ಮಾಡಿ. ಬರೀ ಬಿಲ್ಲೆ ಅಂತ ನೋಡ್ಬೇಡಿ, ಅದರ ಮುಂದಿನ ಅಂಚು ನೋಡಿ.

ಎರಡೂ ಕಣ್ಣು ತೆರೆದಿರ್ಬೇಕು, ದೂರ ವೇಗ ಎರಡೂ ಗೊತ್ತಾಗೋದು ಎರಡು ಕಣ್ಣಿಂದ. ಆದ್ರೆ ಇದಕ್ಕೆ ಮೊದಲು ಮನೇಲೇ ಒಂದ್ ಪರೀಕ್ಷೆ ಮಾಡ್ಕೊಳಿ, ನಿಮ್ಮ ಯಾವ ಕಣ್ಣು ಯಜಮಾನ ಅಂತ. ಎರಡೂ ಕೈ ಮುಂದೆ ಚಾಚಿ, ಅಂಗೈಗಳನ್ನ ಒಂದರ ಮೇಲೊಂದು ತಂದು ಮಧ್ಯೆ ಸಣ್ಣ ಕಿಂಡಿ ಬಿಡಿ, ಆ ಕಿಂಡಿಯಿಂದ ದೂರದ ಗಡಿಯಾರನೋ ಬಾಗಿಲ ಚಿಲಕನೋ ನೋಡಿ, ಎರಡೂ ಕಣ್ಣು ಬಿಟ್ಕೊಂಡು. ಈಗ ಎಡಗಣ್ಣು ಮುಚ್ಚಿ. ಗಡಿಯಾರ ಅಲ್ಲೇ ಇದ್ರೆ ನಿಮ್ಮದು ಬಲಗಣ್ಣು, ಮಾಯ ಆದ್ರೆ ಎಡಗಣ್ಣು. ಬಲ ಭುಜದಿಂದ ಹೊಡೆಯೋರಿಗೆ ಎಡಗಣ್ಣು ಯಜಮಾನ ಆಗಿದ್ರೆ, ಕೋವಿ ಒಂದ್ ಕಡೆ ನೋಡ್ತಿರತ್ತೆ ನೀವು ಇನ್ನೊಂದ್ ಕಡೆ ನೋಡ್ತಿರ್ತೀರಿ, ಎಷ್ಟು ಚೆನ್ನಾಗಿ ಬೀಸಿದ್ರೂ ಸಿಗಲ್ಲ. ಇದಕ್ಕೆ ಸುಲಭದ ಉಪಾಯ, ಎಡಗಣ್ಣಿನ ಗಾಜಿನ ಮೇಲೆ ನೋಟ ಸರಿಯಾಗಿ ಬೀಳೋ ಜಾಗಕ್ಕೆ ಬೆರಳುಗುರುತಿನಷ್ಟು ಟೇಪ್ ಅಂಟಿಸೋದು, ಸುತ್ತಲಿನ ಬೆಳಕೆಲ್ಲ ಹಾಗೇ ಬರತ್ತೆ, ನಳಿಗೆ ಜಾಗ ಮಾತ್ರ ಮಸುಕು. ಶೂಟಿಂಗನ್ನ ಮುಂದುವರಿಸೋ ಆಸೆ ಇದ್ರೆ ಎಡ ಭುಜದಿಂದ್ಲೇ ಕಲಿಯೋದು ವಾಸಿ.

ಪ್ರೋಗ್ರೆಸಿವ್ ಕನ್ನಡಕ ಸ್ವಲ್ಪ ಕಿರಿಕಿರಿನೇ. ಕೆನ್ನೆ ಕೋವಿಗೆ ತಾಗಿಸಿ ತಲೆ ಮುಂದೆ ಬಾಗಿದಾಗ ನೀವು ಗಾಜಿನ ನಡುವಿನಿಂದ ನೋಡಲ್ಲ, ಮೂಗಿನ ಹತ್ರ ಮೇಲಿನ ಮೂಲೆಯಿಂದ ನೋಡ್ತೀರಿ. ದೂರದ ಪವರ್ ಮೇಲ್ಗಡೆ ಇರೋದ್ರಿಂದ ಪೂರ್ತಿ ಕೆಡಲ್ಲ, ಆದ್ರೆ ಅಂಚಿನ ಕಡೆ ನೋಟ ಬಾಗತ್ತೆ, ಫ್ರೇಮ್ ಜಾರಿದ್ರೆ ಮೇಲಿನ ಪಟ್ಟಿನೇ ಕಣ್ಣಿಗೆ ಅಡ್ಡ ಬರತ್ತೆ. ಬರೀ ದೂರದ ಪವರ್‌ನ ಹಳೇ ಕನ್ನಡಕ ಮನೇಲಿ ಬಿದ್ದಿದ್ರೆ ಅದನ್ನೇ ಹಾಕ್ಕೊಂಡು ಹೋಗಿ, ಮೂಗಿನ ಮೇಲೆ ಎತ್ತಿ ಕೂರಿಸಿ, ಅದರ ಮೇಲೆ ಹಾಕೋ ದೊಡ್ಡ ಸೇಫ್ಟಿ ಕನ್ನಡಕ ಕೇಳಿ. ಕನ್ನಡಕ ಬೇಕೇ ಬೇಕು, ಪವರ್ ಇಲ್ದೋರಿಗೂ, ಒಡೆದ ಬಿಲ್ಲೆ ಚೂರು ಎತ್ತ ಬೇಕಾದ್ರೂ ಬರತ್ತೆ.

ಭುಜದ ವಿಷಯಕ್ಕೆ ಬರ್ತೀನಿ. ನೀಲಿಗಟ್ಟತ್ತೆ ಅನ್ನೋದು ಸುಳ್ಳಲ್ಲ, ನಂದೇ ಆಗಿತ್ತು. ಮೊದಲ ದಿನ ಹಿಂದಕ್ಕೆ ವಾಲಿ ನಿಂತು, ಕೋವಿನ ತೋಳಿನ ಮೂಳೆ ಮೇಲೆ ಇಟ್ಟು, ಮೇಲಿಂದ ಯಾರೋ ಕೈಗೆ ಸಿಕ್ಕ ಭಾರಿ ತೋಟಾ ತುಂಬಿಸಿ ಕೊಟ್ಟಿದ್ರು, ಮೂರನೇ ಏಟಿಗೆ ಕಣ್ಣಲ್ಲಿ ನೀರು. ಒಂದ್ ವಾರ ಅಂಗಿ ಹಾಕೋಕೂ ಆಗ್ಲಿಲ್ಲ. ಆ ಮೂರೂ ತಪ್ಪು ತಪ್ಪಿಸಬಹುದಾಗಿತ್ತು. ಕೋವಿ ಹಿಂದಕ್ಕೆ ಒದೆಯೋದು ಯಾರೂ ತಪ್ಪಿಸೋಕಾಗಲ್ಲ, ಆದ್ರೆ ನೋವು ಕೊಡೋದು ಒದೆತ ಅಲ್ಲ, ಕೋವಿಗೂ ಭುಜಕ್ಕೂ ನಡುವೆ ಇರೋ ಸಂದು. ಬಿಗಿಯಾಗಿ ಆನಿಸಿದ್ರೆ ಅದು ತಳ್ಳತ್ತೆ, ಸಂದು ಬಿಟ್ರೆ ಗುದ್ದತ್ತೆ. ಹೊಸಬರು ಹೆದರಿಕೆಗೆ ಕೋವಿನ ಮೈಯಿಂದ ದೂರ ಹಿಡೀತಾರೆ ನೋಡಿ, ಅದೇ ಹೊಡೆತ ಜಾಸ್ತಿ ಮಾಡತ್ತೆ. ಕತ್ತಿನ ಮೂಳೆ ಕೆಳಗೆ, ತೋಳು ಶುರುವಾಗೋ ಮುಂಚೆ ಒಂದ್ ಮೆತ್ತನೆ ಗುಳಿ ಇದೆ, ಬೆರಳಲ್ಲಿ ಒತ್ತಿ ಹುಡುಕಿ ನೋಡಿ, ಕೈ ಮುಂದೆ ಚಾಚಿದಾಗ ಚೆನ್ನಾಗಿ ಗೊತ್ತಾಗತ್ತೆ, ಕೋವಿ ಹಿಂಬದಿ ಅಲ್ಲಿ ಕೂರ್ಬೇಕು. ಬ್ಯಾಗ್ ಪಟ್ಟಿ, ದಪ್ಪ ಹೊಲಿಗೆ, ಕತ್ತಿನ ಸರ ಅಲ್ಲಿ ಸಿಗೋ ಹಾಗಿರಬಾರದು. ಬಲಗೈಯವರಿಗೆ ಎಡಗಾಲು ಮುಂದೆ, ಮೈಭಾರ ಮುಂದಿನ ಕಾಲಿನ ಮೇಲೆ ಸ್ವಲ್ಪ ಹೆಚ್ಚು, ಯಾರೋ ಎದುರಿಂದ ಮೆಲ್ಲಗೆ ತಳ್ತಾರೆ ಅಂತ ಗೊತ್ತಿದ್ರೆ ಹೇಗೆ ನಿಲ್ತೀರೋ ಹಾಗೆ.

ಮತ್ತೆ ಕೆನ್ನೆ. ಕೋವಿನ ಮುಖಕ್ಕೆ ತರ್ಬೇಕು, ಮುಖನ ಕೋವಿ ಹತ್ರ ತಗೊಂಡು ಹೋಗ್ಬಾರದು. ಕೋವಿಗೆ ಮುಂದೆ ಒಂದು ಬೀಡ್ ಇದೆ ಅಷ್ಟೆ, ರೈಫಲ್ ಥರ ಗುರಿ ಹೊಂದಿಸೋಕೆ ಹಿಂದಿನ ಸೈಟ್ ಅಂತ ಇಲ್ಲ, ನಿಮ್ಮ ಕಣ್ಣೇ ಹಿಂದಿನ ಸೈಟ್. ಕೆನ್ನೆ ಒಂದ್ ಬೆರಳಷ್ಟು ಎದ್ರೂ ಚರೆ ಮೇಲೆ ಹೋಗತ್ತೆ. ಬಿಲ್ಲೆ ಒಡೀತಾ ಅಂತ ನೋಡೋಕೆ ಎಲ್ರೂ ಒತ್ತೋ ಗಳಿಗೆಗೇ ತಲೆ ಎತ್ತಿಬಿಡ್ತಾರೆ, ಹಂಗೆ ಎತ್ತಿದೋರಿಗೆ ಕೆನ್ನೆಗೂ ಒಂದು ಏಟು ಬೋನಸ್ಸು.

ತೋಟಾ ಹಗುರದ್ದು ಕೇಳಿ, ನಾಚಿಕೆ ಬೇಡ, 21 ಇಲ್ಲಾ 24 ಗ್ರಾಂ. ಒಲಿಂಪಿಕ್ಸ್‌ನಲ್ಲೇ 24 ಗ್ರಾಂಗಿಂತ ಹೆಚ್ಚು ಬಿಡಲ್ಲ. ಕೋವಿ ಮಾತ್ರ ತೀರಾ ಹಗುರದ್ದು ಬೇಡ, ಇದನ್ನ ಬಹಳ ಜನ ಉಲ್ಟಾ ತಿಳ್ಕೊಂಡಿದಾರೆ, ಅದೇ ತೋಟಾಕ್ಕೆ ಹಗುರದ ಕೋವಿ ಜಾಸ್ತಿ ಒದೆಯತ್ತೆ, ಮೂರು ಮೂರೂವರೆ ಕೆಜಿ ಇರೋದು ತಡ್ಕೊಳತ್ತೆ. ಮೊದಲ ದಿನಕ್ಕೆ 25 ತೋಟಾ ಸಾಕು, ಬಹಳ ಖುಷಿ ಆದ್ರೆ 50. ಅದರ ಮೇಲೆ ಕೈ ಸೋತು ಕೋವಿ ಕೆಳಗಿಳಿಯತ್ತೆ, ಆಮೇಲೆ ಕಣ್ಣು ಮುಚ್ಚಿ ಬೆಚ್ಚೋ ಅಭ್ಯಾಸ ಹತ್ಕೊಂಡ್ರೆ ಬಿಡಿಸೋಕೆ ತಿಂಗಳುಗಟ್ಟಲೆ ಬೇಕು. ಮನೇಲಿ ಏನಾದ್ರೂ ಮಾಡ್ಬೇಕು ಅನ್ಸಿದ್ರೆ ಒಂದ್ ಕೋಲು ತಗೊಂಡು ಗೋಡೆ ಮತ್ತು ಚಾವಣಿ ಸೇರೋ ಗೆರೆ ಮೇಲೆ ಮೂಲೆಯಿಂದ ಮೂಲೆಗೆ ಬೀಸ್ತಾ ಕೆನ್ನೆಗೆ ತನ್ನಿ, ಸೊಂಟದಿಂದ ತಿರುಗಿ, ಬರೀ ಕೈಯಲ್ಲಿ ತಳ್ಳಬೇಡಿ. ದಿನಕ್ಕೆ ಐದು ನಿಮಿಷ.

ಸೇಫ್ಟಿ ಪಾಠ ಅಲ್ಲಿ ಹೇಳೇ ಹೇಳ್ತಾರೆ, ನಳಿಗೆ ಬಾಯಿ ಯಾವಾಗ್ಲೂ ಮೈದಾನದ ಕಡೆ, ನಿಮ್ಮ ಸರದಿ ಬಂದು ಜಾಗದಲ್ಲಿ ನಿಂತ ಮೇಲಷ್ಟೇ ತೋಟಾ, ಉಳಿದ ಹೊತ್ತೆಲ್ಲ ಕೋವಿ ಮಡಚಿ ತೆರೆದೇ ಇರ್ಬೇಕು, ಹಂಗಿದ್ರೆ ಖಾಲಿ ಅನ್ನೋದು ದೂರದಿಂದ್ಲೇ ಎಲ್ರಿಗೂ ಕಾಣತ್ತೆ. ಬೆರಳು ಕೊನೇ ಗಳಿಗೇಲಿ ಟ್ರಿಗರ್‌ಗೆ. ಇದೆಲ್ಲ ಎಲ್ರೂ ಹೇಳೋದೇ. ನಾನು ಒತ್ತಿ ಹೇಳೋದು ಎರಡು. ಒತ್ತಿದಾಗ ಢಂ ಅನ್ನದೆ ಪುಸ್ ಅಂತ ವಿಚಿತ್ರ ಸದ್ದು ಬಂತಾ, ಇಲ್ಲಾ ಒದೆತಾನೇ ಬರ್ಲಿಲ್ವಾ, ಅಲ್ಲಿಗೇ ನಿಲ್ಲಿಸಿ, ನಳಿಗೆ ಮೈದಾನದ ಕಡೆ ಹಾಗೇ ಅರ್ಧ ನಿಮಿಷ ಹಿಡಿದು ಕೋಚ್‌ನ ಕರೀರಿ, ತೋಟಾದ ವ್ಯಾಡ್ ನಳಿಗೆ ಒಳಗೇ ಸಿಕ್ಕೊಂಡಿರಬಹುದು, ಅದರ ಮೇಲೆ ಇನ್ನೊಂದು ಹೊಡೆದ್ರೆ ನಳಿಗೆ ಸಿಡಿಯತ್ತೆ. ಎರಡನೇದು, ಬೋರ್ ಅಂದ್ರೆ ನಳಿಗೆ ಅಗಲದ ಅಳತೆ, ನಂಬರ್ ದೊಡ್ಡದಾದಷ್ಟೂ ನಳಿಗೆ ಸಣ್ಣ, 20 ಬೋರ್ ತೋಟಾನ 12 ಬೋರ್ ಕೋವಿಗೆ ಹಾಕಿದ್ರೆ ಅದು ಜಾರಿ ಸ್ವಲ್ಪ ಮುಂದೆ ಹೋಗಿ ಕೂತ್ಕೊಳತ್ತೆ, ನೋಡಿದ್ರೆ ಖಾಲಿ ಥರಾನೇ ಇರತ್ತೆ, ಹಿಂದೆ ಇನ್ನೊಂದು 12 ಬೋರ್‌ದು ಹಿಡಿಸತ್ತೆ ಕೂಡ. ಆಮೇಲೆ ಏನಾಗತ್ತೆ ಅಂತ ಹೇಳ್ಬೇಕಾಗಿಲ್ಲ. ಅದಕ್ಕೇ 20 ಬೋರ್ ತೋಟಾಗೆ ಹಳದಿ ಬಣ್ಣ ಹಾಕೋ ರೂಢಿ ಇರೋದು. ನೀವು ಒಂದು ಅಳತೆ ನಿಮ್ಮ ಹೆಂಡ್ತಿ ಇನ್ನೊಂದು ಅಳತೆ ತಗೊಂಡ್ರೆ ತೋಟಾ ಒಂದೇ ಜೇಬಲ್ಲಿ ಬೆರೆಸಲೇಬೇಡಿ. ಕಿವಿಗೆ ಮಫ್ ಕಡ್ಡಾಯ, ಒಂದೇ ಒಂದು ಏಟೂ ಬರೀ ಕಿವೀಲಿ ಬೇಡ, ಕೋವಿ ಸದ್ದು 150 ಡೆಸಿಬಲ್ ದಾಟತ್ತೆ. ಚರೆ ಸಾಮಾನ್ಯವಾಗಿ ಸೀಸದ್ದು, ಹಾಗಾಗಿ ಕೈ ಸೋಪಲ್ಲಿ ತೊಳ್ಕೊಂಡೇ ತಿನ್ನೋಕೆ ಕೂರಿ.

ಅಲ್ಲಿ ಟ್ರ್ಯಾಪ್, ಸ್ಕೀಟ್ ಅಂತ ಬೋರ್ಡ್ ಕಾಣಬಹುದು. ಟ್ರ್ಯಾಪ್‌ನಲ್ಲಿ ಬಿಲ್ಲೆ ನಿಮ್ಮ ಮುಂದಿನಿಂದ ಎದ್ದು ದೂರಕ್ಕೆ ಓಡತ್ತೆ, ಸ್ಕೀಟ್‌ನಲ್ಲಿ ಎಡಕ್ಕೊಂದು ಎತ್ತರದ ಮನೆ ಬಲಕ್ಕೊಂದು ಗಿಡ್ಡ ಮನೆ, ಅಲ್ಲಿಂದ ಬಿಲ್ಲೆ ಅಡ್ಡಡ್ಡ ಹಾಯತ್ತೆ, ಅರ್ಧಚಂದ್ರದ ಮೇಲೆ ಜಾಗ ಬದಲಿಸ್ತಾ 25 ಬಿಲ್ಲೆ ಹೊಡೀತಾರೆ. ಸ್ಪೋರ್ಟಿಂಗ್ ಅಂದ್ರೆ ಗುಡ್ಡ ಮರಗಳ ನಡುವೆ ಒಂದೊಂದು ಜಾಗದಲ್ಲಿ ಒಂದೊಂದು ಥರ. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದಿದ್ದು ಡಬಲ್ ಟ್ರ್ಯಾಪ್, ಎರಡು ಬಿಲ್ಲೆ ಒಟ್ಟಿಗೆ, ಅದನ್ನ ಈಗ ಒಲಿಂಪಿಕ್ಸ್‌ನಿಂದ ತೆಗೆದಿದಾರೆ. ನಿಮಗೆ ಭಾನುವಾರ ಇದ್ಯಾವ್ದೂ ಪೂರ್ತಿ ಬೇಡ. ನೇರವಾಗಿ ದೂರ ಹೋಗೋದೋ ಇಲ್ಲಾ ನಿಧಾನಕ್ಕೆ ನಿಮ್ಮ ಕಡೆ ತೇಲಿ ಬರೋದೋ ಒಂದೇ ಥರದ ಬಿಲ್ಲೆ ಹತ್ತು ಸಲ ಕೊಡಿ ಅಂತ ಕೇಳಿ, ಅದು ಪುಡಿ ಆಗೋಕೆ ಶುರುವಾದ ಮೇಲೆ ಅಡ್ಡ ಹೋಗೋದಕ್ಕೆ ಹೋಗಿ. ಒಂದಾದ್ರೂ ಒಡೀತೀನಾ ಅಂದ್ರಲ್ಲ, ಹೀಗೆ ಶುರು ಮಾಡಿದೋರಲ್ಲಿ 25ಕ್ಕೆ ಒಂದೂ ಒಡೆಯದೆ ಮನೆಗೆ ಹೋದೋರು ನನ್ನ ನೆನಪಲ್ಲಿಲ್ಲ. ಬಿಲ್ಲೆ ಬೇಕು ಅಂದಾಗ "ಪುಲ್" ಅಂತ ಕೂಗ್ಬೇಕು, ಹಿಂದೆ ಹಗ್ಗ ಎಳೆದು ಬಿಡ್ತಿದ್ದ ಕಾಲದ ಮಾತದು. ಈಗ ಬಟನ್, ಕೆಲವು ಕಡೆ ಮೈಕ್, ಏನ್ ಕೂಗಿದ್ರೂ ಬರತ್ತೆ. ಕೋವಿ ಸರಿಯಾಗಿ ಕೂತು ನೀವು ರೆಡಿ ಆಗೋವರೆಗೂ ಕೂಗಬೇಡಿ, ಯಾರೂ ಅವಸರ ಮಾಡಲ್ಲ.

ಇನ್ನು ನಿಮ್ಮ ಹೆಂಡ್ತಿ ವಿಷಯ. ಹೆಂಗಸರಿಗೆ ಆಗಲ್ಲ ಅಂತ ಯಾರಾದ್ರೂ ಅಂದ್ರೆ 1992ರ ಬಾರ್ಸಿಲೋನಾ ನೆನಪಿಸಿ, ಆಗ ಸ್ಕೀಟ್‌ನಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಹೊಡೀತಿದ್ರು, ಚೀನಾದ ಜಾಂಗ್ ಶಾನ್ ಅನ್ನೋ ಹುಡುಗಿ ಎಲ್ಲ ಗಂಡಸರನ್ನೂ ಹಿಂದೆ ಹಾಕಿ ಚಿನ್ನ ತಗೊಂಡ್ಲು, ಮುಂದಿನ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಸ್ಕೀಟೇ ಇರ್ಲಿಲ್ಲ! ಎಡಗೈಯವರಿಗೆ ಮೊದಲ ದಿನ ಬೇರೆ ಕೋವಿ ಇರಲೇಬೇಕು ಅಂತಿಲ್ಲ, ಮೇಲೊಂದು ಕೆಳಗೊಂದು ನಳಿಗೆ ಇರೋ ಮಡಚೋ ಕೋವಿ ನಡೆಯತ್ತೆ. ಆದ್ರೆ ಎರಡು ವಿಷಯ ಗಮನಿಸಿ. ಕೋವಿಯ ಹಿಂಬದಿ ಮರನ ಸಾಮಾನ್ಯವಾಗಿ ಬಲಗೈಯವರ ಮುಖಕ್ಕೆ ಹೊಂದೋ ಹಾಗೆ ಸ್ವಲ್ಪ ಬಲಕ್ಕೆ ಬಗ್ಗಿಸಿರ್ತಾರೆ, ಎಡ ಭುಜಕ್ಕೆ ಇಟ್ಟಾಗ ಅವರ ಕಣ್ಣು ನಳಿಗೆ ಮೇಲೆ ನೇರ ಬರದೆ ಪಕ್ಕಕ್ಕೆ ಉಳಿಯತ್ತೆ, ಹಾಗಾಗಿ ಎಡಗೈಗೆ ಮಾಡಿದ್ದೋ ಇಲ್ಲಾ ನೇರ ಮರದ್ದೋ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿಬಿಡಿ. ಸೆಮಿ ಆಟೊಮ್ಯಾಟಿಕ್ ಕೊಟ್ರೆ ಮಾತ್ರ ಬೇಡ ಅನ್ನಿ, ಒದೆತ ಕಮ್ಮಿ ಅನ್ನೋದು ನಿಜ, ಆದ್ರೆ ಖಾಲಿ ತೋಟಾ ಬಲಗಡೆಗೆ ಹಾರೋದ್ರಿಂದ ಎಡ ಭುಜದವರಿಗೆ ಅದು ಮುಖದ ಮುಂದೇ ಹಾಯತ್ತೆ. ಉದ್ದನೂ ನೋಡ್ಕೊಳಿ, ಮರ ಉದ್ದ ಇದ್ರೆ ಕಂಕುಳಿಗೆ ಸಿಕ್ಕೊಳತ್ತೆ, ಗಿಡ್ಡ ಮರದ್ದು ಕೇಳಬಹುದು. ಅವರ ಕಣ್ಣಿನ ಪರೀಕ್ಷೆನೂ ಮಾಡ್ಸಿ ಹೋಗಿ, ಎಡಗೈ ಅಂದ್ಮಾತ್ರಕ್ಕೆ ಎಡಗಣ್ಣು ಅಂತೇನಿಲ್ಲ, ಬಲಗಣ್ಣು ಯಜಮಾನ ಆಗಿದ್ರೆ ಮೊದಲ ಹತ್ತು ತೋಟಾನ ಬಲ ಭುಜದಿಂದ್ಲೇ ಹೊಡೆದು ನೋಡ್ಲಿ.